ಕಬ್ಬಿನ ಗಿರಣಿಯ ಗೇರ್‌ಬಾಕ್ಸ್: ಸೂತ್ರದಲ್ಲಿರುವ ಆ ಒಂದು ಎಲ್ಲಿಂದ ಬರುತ್ತದೆ?

ಕಬ್ಬು ನುರಿಸುವ ರೋಲರ್ ನಿಮಿಷಕ್ಕೆ ನಾಲ್ಕೈದು ಸುತ್ತು ಮಾತ್ರ ತಿರುಗುತ್ತದೆ. ಅದನ್ನು ಓಡಿಸುವ ವಿದ್ಯುತ್ ಮೋಟಾರಿನ ವೇಗ ನಿಮಿಷಕ್ಕೆ ಸುಮಾರು ಸಾವಿರ ಸುತ್ತು. ಉಗಿ ಟರ್ಬೈನ್ ಆದರೆ ಹಲವು ಸಾವಿರ. ವೇಗ ತಗ್ಗಿಸುವುದೇ ಗೇರ್‌ಬಾಕ್ಸಿನ ಕೆಲಸ ಎಂದು ಬರೆದುಕೊಂಡರೆ ಅರ್ಧ ಮಾತ್ರ ಬರೆದಂತೆ. ವೇಗ ಎಷ್ಟು ಪಟ್ಟು ಇಳಿಯುತ್ತದೋ ಟಾರ್ಕ್, ಅಂದರೆ ತಿರುಚುವ ಬಲ, ಹೆಚ್ಚು ಕಡಿಮೆ ಅಷ್ಟೇ ಪಟ್ಟು ಏರುತ್ತದೆ. ಕಬ್ಬನ್ನು ಹಿಂಡುವುದು ಆ ಟಾರ್ಕ್.

ಲೆಕ್ಕ ಹೀಗೆ: ಕಿಲೋವಾಟನ್ನು 9550ರಿಂದ ಗುಣಿಸಿ, ನಿಮಿಷದ ಸುತ್ತುಗಳಿಂದ ಭಾಗಿಸಿದರೆ ನ್ಯೂಟನ್ ಮೀಟರಿನಲ್ಲಿ ಟಾರ್ಕ್ ಸಿಗುತ್ತದೆ. 500 ಕಿಲೋವಾಟ್ ಮೋಟಾರ್ 1000 ಸುತ್ತಿನಲ್ಲಿ ಕೊಡುವುದು 4775. ಅದೇ ಶಕ್ತಿ 5 ಸುತ್ತಿಗೆ ಇಳಿದಾಗ, ಘರ್ಷಣೆಯ ನಷ್ಟವನ್ನು ಬದಿಗಿಟ್ಟರೆ, 9,55,000. ಒಟ್ಟು ಅನುಪಾತ 200.

ಹಳೆಯ ವಿನ್ಯಾಸದಲ್ಲಿ ಈ ಕೆಲಸದ ಕೊನೆಯ ಪಾಲನ್ನು ತೆರೆದ ದೊಡ್ಡ ಗೇರುಗಳು ಹೊರುತ್ತಿದ್ದವು. ಓಡಿಸುವ ಚಿಕ್ಕ ಗೇರ್, ಅಂದರೆ ಪಿನಿಯನ್, ಒಂದೇ ಕಡೆ ಕಚ್ಚಿಕೊಂಡಿರುವುದರಿಂದ ಇಡೀ ಭಾರ ಒಂದೆರಡು ಹಲ್ಲುಗಳ ಮೇಲೆ ಬೀಳುತ್ತಿತ್ತು. ಅದಕ್ಕೇ ಆ ಗೇರುಗಳು ಅಷ್ಟು ದೈತ್ಯಾಕಾರ. ಪ್ಲಾನೆಟರಿ ಗೇರ್‌ಬಾಕ್ಸಿನಲ್ಲಿ ನಡುವಿನ ಸನ್ ಗೇರನ್ನು ಹಲವು ಪ್ಲಾನೆಟ್ ಗೇರುಗಳು ಒಟ್ಟಿಗೆ ಕಚ್ಚುತ್ತವೆ, ಭಾರ ಹಂಚಿಹೋಗುತ್ತದೆ, ಪೆಟ್ಟಿಗೆ ಚಿಕ್ಕದಾಗುತ್ತದೆ.

ಅನುಪಾತ: ನಾಲ್ಕಲ್ಲ, ಐದು

ಈ ಟಿಪ್ಪಣಿ ಬರೆಯುತ್ತಿರುವುದೇ ಈ ಹಂತಕ್ಕಾಗಿ. ಪಠ್ಯಗಳು ಸೂತ್ರ ಕೊಟ್ಟು ಮುಂದೆ ಸಾಗಿಬಿಡುತ್ತವೆ.

ಸನ್ ಗೇರಿಗೆ 20 ಹಲ್ಲು, ಪ್ಲಾನೆಟಿಗೆ 30, ಹೊರಗಿನ ರಿಂಗ್ ಗೇರಿಗೆ 80 ಎಂದುಕೊಳ್ಳೋಣ. ರಿಂಗ್ ಕದಲದಂತೆ ಕವಚಕ್ಕೆ ಬಿಗಿದಿದೆ. ಮೋಟಾರ್ ಸನ್ ಗೇರನ್ನು ತಿರುಗಿಸುತ್ತದೆ. ಪ್ಲಾನೆಟುಗಳನ್ನು ಹೊತ್ತ ಕ್ಯಾರಿಯರ್ ಕಡೆಯಿಂದ ತಗ್ಗಿದ ವೇಗದ ಚಲನೆ ಹೊರಬರುತ್ತದೆ. 80ನ್ನು 20ರಿಂದ ಭಾಗಿಸಿದರೆ 4. ಆದರೆ ನಿಜವಾದ ಅನುಪಾತ 5. ಸೂತ್ರ: ಒಂದು, ಕೂಡಿಸು ರಿಂಗ್ ಹಲ್ಲು ಭಾಗಿಸು ಸನ್ ಹಲ್ಲು. ಆ ಒಂದು ಎಲ್ಲಿಂದ ಬಂತು?

ಚಲನೆಯನ್ನು ಎರಡು ತುಂಡು ಮಾಡಿ. ಮೊದಲು ಎಲ್ಲ ಗೇರುಗಳನ್ನೂ ಒಂದಕ್ಕೊಂದು ಅಂಟಿಸಿದಂತೆ ಭಾವಿಸಿ, ಇಡೀ ಗುಂಪನ್ನು ಬಲಕ್ಕೆ ಒಂದು ಸುತ್ತು ತಿರುಗಿಸಿ. ಸನ್ ಒಂದು ಸುತ್ತು, ಕ್ಯಾರಿಯರ್ ಒಂದು ಸುತ್ತು, ರಿಂಗ್ ಕೂಡ ಒಂದು ಸುತ್ತು. ಆದರೆ ರಿಂಗ್ ತಿರುಗುವಂತಿಲ್ಲವಲ್ಲ! ಆದ್ದರಿಂದ ಎರಡನೆಯ ತುಂಡು: ಕ್ಯಾರಿಯರನ್ನು ಹಿಡಿದು ನಿಲ್ಲಿಸಿ, ರಿಂಗನ್ನು ಎಡಕ್ಕೆ ಒಂದು ಸುತ್ತು ಹಿಂದಕ್ಕೆ ತನ್ನಿ. ಕ್ಯಾರಿಯರ್ ನಿಂತಾಗ ಇದು ಸಾಮಾನ್ಯ ಗೇರ್ ಸರಣಿಯಷ್ಟೇ: 80 ಹಲ್ಲು ಸರಿದರೆ 20 ಹಲ್ಲಿನ ಸನ್ ನಾಲ್ಕು ಸುತ್ತು ಹಾಕಬೇಕು, ಅದೂ ವಿರುದ್ಧ ದಿಕ್ಕಿನಲ್ಲಿ, ಅಂದರೆ ಬಲಕ್ಕೆ.

ಈಗ ಎರಡನ್ನೂ ಕೂಡಿಸಿ. ರಿಂಗ್: ಬಲಕ್ಕೆ ಒಂದು, ಎಡಕ್ಕೆ ಒಂದು, ಒಟ್ಟು ಸೊನ್ನೆ. ಕ್ಯಾರಿಯರ್: ಒಂದು. ಸನ್: ಒಂದು ಮತ್ತು ನಾಲ್ಕು, ಐದು. ಆ ಹೆಚ್ಚುವರಿ ಒಂದು, ಕ್ಯಾರಿಯರಿನ ಸ್ವಂತ ಸುತ್ತು. ನಾಲ್ಕು ಎಂಬುದು ಕ್ಯಾರಿಯರಿನ ಮೇಲೆ ಕುಳಿತು ನೋಡುವವನ ಲೆಕ್ಕ, ಐದು ಎಂಬುದು ನೆಲದ ಮೇಲೆ ನಿಂತು ನೋಡುವವನ ಲೆಕ್ಕ. ಮೋಟಾರ್ ಇರುವುದು ನೆಲದ ಮೇಲೆ.

ಇದೇ ಉಪಾಯ ಬೇರೆ ಜೋಡಣೆಗಳಿಗೂ ನಡೆಯುತ್ತದೆ. ಸನ್ ಬಿಗಿದು ರಿಂಗನ್ನು ತಿರುಗಿಸಿದರೆ? ಎರಡನೆಯ ತುಂಡಿನಲ್ಲಿ ಸನ್ ಎಡಕ್ಕೆ ಒಂದು, ರಿಂಗ್ ಬಲಕ್ಕೆ ಕಾಲು. ಒಟ್ಟು ಅನುಪಾತ 1.25. ಸೂತ್ರಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಈ ಎರಡು ಸಾಲು ಬರೆಯುವುದು ನನಗೆ ಹೆಚ್ಚು ನಂಬಿಕೆಯ ದಾರಿ.

ಪ್ಲಾನೆಟಿನ 30 ಹಲ್ಲು ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ, ಏಕೆಂದರೆ ಅದು ಚಲನೆಯನ್ನು ದಾಟಿಸುವ ನಡುವಿನ ಗೇರ್ ಮಾತ್ರ. ಆದರೆ ಅದು ಎರಡರ ನಡುವೆ ಹಿಡಿಸಲೇಬೇಕು: 20 ಮತ್ತು 30ರ ಎರಡು ಪಟ್ಟು ಸೇರಿ 80. ಪ್ಲಾನೆಟುಗಳನ್ನು ಸಮ ಅಂತರದಲ್ಲಿ ಕೂರಿಸಲು ಸನ್ ಮತ್ತು ರಿಂಗ್ ಹಲ್ಲುಗಳ ಮೊತ್ತ ಪ್ಲಾನೆಟುಗಳ ಸಂಖ್ಯೆಯಿಂದ ನಿಶ್ಶೇಷವಾಗಿ ಭಾಗವಾಗಬೇಕು. ಇಲ್ಲಿ ಮೊತ್ತ 100. ನಾಲ್ಕು ಸರಿ, ಮೂರು ಆಗದು.

ಇಂಥ ಮೂರು ಹಂತಗಳನ್ನು ಸಾಲಾಗಿ ಇಟ್ಟರೆ 125. ಮುಂದೆ 1.6 ಅನುಪಾತದ ಒಂದು ಹೆಲಿಕಲ್ (ಓರೆ ಹಲ್ಲಿನ) ಗೇರ್ ಜೋಡಿ ಸೇರಿಸಿದರೆ ನಮ್ಮ 200 ಬಂತು.

ಟಾರ್ಕ್ ಆರ್ಮ್

ಸನ್ ಗೇರಿಗೆ ಒಂದು ಪಾಲು ಟಾರ್ಕ್ ಕೊಟ್ಟರೆ ಕ್ಯಾರಿಯರ್ ಐದು ಪಾಲು ಕೊಡುತ್ತದೆ. ಉಳಿದ ನಾಲ್ಕು ಪಾಲನ್ನು ರಿಂಗ್ ತಡೆದು ಹಿಡಿಯಬೇಕು, ಅಂದರೆ ಗೇರ್‌ಬಾಕ್ಸಿನ ಕವಚ. ರೋಲರಿನ ಶಾಫ್ಟಿಗೇ ನೇರವಾಗಿ ತೂಗುಹಾಕಿದ ಗೇರ್‌ಬಾಕ್ಸ್ ತಾನೇ ಗಿರಕಿ ಹೊಡೆಯದಂತೆ ಅದನ್ನು ಹಿಡಿಯುವ ತೋಳೇ ಟಾರ್ಕ್ ಆರ್ಮ್. ನಮ್ಮ ಉದಾಹರಣೆಯಲ್ಲಿ ತೋಳು ಎರಡು ಮೀಟರ್ ಇದ್ದರೆ ಅದರ ತುದಿಯಲ್ಲಿ ಸುಮಾರು 4,75,000 ನ್ಯೂಟನ್, ಅಂದರೆ 48 ಟನ್ ಭಾರಕ್ಕೆ ಸಮನಾದ ಒತ್ತಡ. ಅಡಿಪಾಯದ ಬೋಲ್ಟುಗಳು ಅಷ್ಟು ದಪ್ಪವಿರುವುದು ಏಕೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಉಳಿದದ್ದು ಚುಟುಕಾಗಿ

ಮೇಲಿನ ರೋಲರ್ ಹೈಡ್ರಾಲಿಕ್ ಒತ್ತಡದ ಕೆಳಗೆ ಏರಿಳಿಯುತ್ತದೆ. ಕಬ್ಬಿನ ಪದರ ದಪ್ಪವಾದರೆ ಮೇಲೇಳುತ್ತದೆ. ನೆಲಕ್ಕೆ ಬಿಗಿದ ಗೇರ್‌ಬಾಕ್ಸ್ ಮೇಲೇಳದು. ಹಾಗಾಗಿ ನಡುವೆ ಓರೆಯಾಗಲು ಅವಕಾಶ ಕೊಡುವ ಕೊಂಡಿ ಬೇಕು: ಟೇಲ್ ಬಾರ್ ಎಂಬ ಜೋಡಣೆಯ ದಂಡ ಅಥವಾ ಹಗ್ಗದ ಕಪ್ಲಿಂಗ್. ಕೆಳಗಿನ ರೋಲರುಗಳಿಗೆ ಚಲನೆ ಕೊಡುವ ಕ್ರೌನ್ ಪಿನಿಯನ್ನುಗಳ ಹಲ್ಲು ಉದ್ದವಾಗಿರುವುದಕ್ಕೂ ಈ ಏರಿಳಿತವೇ ಕಾರಣ.

ಸುತ್ತಲೂ ನೀರು, ರಸ, ಸಿಪ್ಪೆಯ ದೂಳು ಇರುವ ಜಾಗವಿದು. ಸೀಲ್ ಸವೆದರೆ ಅವೆಲ್ಲ ಎಣ್ಣೆಗೆ ಇಳಿಯುತ್ತವೆ. ಮಟ್ಟ ನೋಡುವ ಗಾಜಿನಲ್ಲಿ ಎಣ್ಣೆ ಹಾಲಿನಂತೆ ಮಬ್ಬಾಗಿ ಕಂಡರೆ ನೀರು ಸೇರಿದೆ ಎಂದರ್ಥ. ಬೇರಿಂಗ್ ಸದ್ದು ಮಾಡುವವರೆಗೆ ಕಾಯಬಾರದು.

ಅಭ್ಯಾಸಕ್ಕೆ ಒಂದು: ಸನ್ 18, ರಿಂಗ್ 90, ರಿಂಗ್ ಸ್ಥಿರ. ಪ್ಲಾನೆಟ್ ಹಲ್ಲು ಎಷ್ಟು, ಅನುಪಾತ ಎಷ್ಟು, ಮೂರು ಪ್ಲಾನೆಟ್ ಸಮ ಅಂತರದಲ್ಲಿ ಕೂರುತ್ತವೆಯೇ? ಉತ್ತರ: 36, 6, ಕೂರುತ್ತವೆ.