ಇಂಡೊನೇಷ್ಯಾ: ಸ್ವಾತಂತ್ರ್ಯ ಬಂತು, ಹಡಗು ಬರಲಿಲ್ಲ

ಇಂಡೊನೇಷ್ಯಾದ ಪೂರ್ವದ ದ್ವೀಪಗಳಲ್ಲಿ ಸಿಮೆಂಟಿಗೆ ಇಂದಿಗೂ ಜಾವಾಕ್ಕಿಂತ ಹೆಚ್ಚು ಬೆಲೆ. ಯಾಕೆಂದು ಕೇಳಿದರೆ ಎಲ್ಲರೂ ಹಡಗಿನ ಬಾಡಿಗೆಯತ್ತ ಕೈ ತೋರಿಸುತ್ತಾರೆ. ಆ ಬಾಡಿಗೆಗೆ ನೂರಮೂವತ್ತು ವರ್ಷಗಳ ರಾಜಕಾರಣ ಅಂಟಿಕೊಂಡಿದೆ.

17ನೇ ಶತಮಾನದಲ್ಲಿ ಡಚ್ಚರು ಬಾಂಡಾದ ಜಾಯಿಕಾಯಿ, ಅಂಬೋನಿನ ಲವಂಗವನ್ನು ಹಿಡಿತಕ್ಕೆ ತೆಗೆದುಕೊಂಡರು. 19ನೇ ಶತಮಾನದಲ್ಲಿ ಜಾವಾದ ಕಬ್ಬು, ಕಾಫಿಯನ್ನು. ಇದು ಪಠ್ಯಪುಸ್ತಕದ ಚರಿತ್ರೆ. ಸಂಶೋಧಕರು ಸುಲವೇಸಿ ದ್ವೀಪದ ಮಕಾಸರ್ ಬಂದರಿನ ಶಾಬಂದರರ, ಅಂದರೆ ಬಂದರಿನ ಅಧಿಕಾರಿಗಳ, 18ನೇ ಶತಮಾನದ ದಾಖಲೆಗಳನ್ನು ತೆರೆದಾಗ ಬೇರೆ ಚಿತ್ರ ಸಿಕ್ಕಿತು. ದೋಣಿಯ ಬಗೆ, ನಾಯಕನ ಜನಾಂಗ, ಸರಕು, ಹೋಗುವ ಊರು, ಎಲ್ಲವೂ ಅಲ್ಲಿವೆ. ಸುಲವೇಸಿಯ ನಾವಿಕ ಜನಾಂಗವಾದ ಬುಗಿಸರು, ಮಲಯರು, ಚೀನೀಯರು ಅಕ್ಕಿ, ಬಟ್ಟೆ, ಆಮೆಚಿಪ್ಪು ಸಾಗಿಸುತ್ತಲೇ ಇದ್ದರು. ಪರವಾನಗಿ ಇಲ್ಲದೆ ಹೋದ ದೋಣಿ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಹಾಗಾಗಿ ಅಲ್ಲಿನ ಅಂಕಿಗಳನ್ನು ಕನಿಷ್ಠ ಎಂದೇ ಓದಬೇಕು.

1888ರಲ್ಲಿ ಕೆಪಿಎಂ ಎಂಬ ಡಚ್ ಹಬೆಹಡಗು ಕಂಪನಿ ಹುಟ್ಟಿ, 1891ರಿಂದ ಓಡಾಟ ಶುರು ಮಾಡಿತು. ಸರ್ಕಾರದ ಟಪಾಲು, ಅಧಿಕಾರಿಗಳು, ಸೈನಿಕರು ಅದರ ಪಾಲಿಗೆ ಬಂದರು. ನಷ್ಟದ ಮಾರ್ಗಕ್ಕೆ ಸಹಾಯಧನವೂ ದಕ್ಕಿತು. ಸಿಂಗಪುರದತ್ತ ಹೋಗುತ್ತಿದ್ದ ಸರಕನ್ನು ಜಾವಾದ ಬಟಾವಿಯಾ (ಇಂದಿನ ಜಕಾರ್ತಾ), ಸುರಬಾಯಾಗಳತ್ತ ತಿರುಗಿಸುವುದು ಇದರ ಉದ್ದೇಶ. ಪಶ್ಚಿಮದ ಗಾಳಿಗೆ ಪೂರ್ವಕ್ಕೆ ಹೋಗಿ, ಗಾಳಿ ತಿರುಗಿದ ಮೇಲೆ ಮರಳುತ್ತಿದ್ದ ಹಾಯಿದೋಣಿಗಳಿಗೆ ಉಪ್ಪು, ಮರ ಮತ್ತು ಹಬೆಹಡಗು ಹೊಗಲಾರದ ಸಣ್ಣ ಬಂದರುಗಳು ಉಳಿದವು.

ಹಡಗನ್ನು ನಿಲ್ಲಿಸುವುದೂ ಹೋರಾಟವೇ ಎಂಬುದು 1945ರಲ್ಲಿ, ಇಂಡೊನೇಷ್ಯಾ ಸ್ವಾತಂತ್ರ್ಯ ಘೋಷಿಸಿದ ಮೇಲೆ ಡಚ್ಚರು ಮರಳಿ ಬರಲು ಹೊರಟಾಗ, ಕಂಡಿತು. ಆಸ್ಟ್ರೇಲಿಯಾದ ಬಂದರು ಕಾರ್ಮಿಕರು ಡಚ್ ಹಡಗುಗಳಿಗೆ ಕೈ ಹಚ್ಚಲಿಲ್ಲ, ಭಾರತೀಯ ನಾವಿಕರೂ ಅವರ ಜೊತೆ ನಿಂತರು. ಮರುವರ್ಷ ಹೊಸ ಗಣರಾಜ್ಯ ಬರಗಾಲದ ಅಂಚಿನಲ್ಲಿದ್ದ ಭಾರತಕ್ಕೆ 5 ಲಕ್ಷ ಟನ್ ಅಕ್ಕಿ ಕೊಡಲು ಮುಂದೆ ಬಂತು, ಬದಲಿಗೆ ಬಟ್ಟೆ ಮುಂತಾದವನ್ನು ಕೇಳಿತು. ಮಾನ್ಯತೆಯೇ ಸಿಗದ ಸರ್ಕಾರವೊಂದು ವ್ಯಾಪಾರದ ಮೂಲಕ ತನ್ನನ್ನು ಜಗತ್ತಿಗೆ ಪರಿಚಯಿಸಿಕೊಂಡ ಬಗೆ ಇದು.

1949ರ ಕೊನೆಗೆ ಅಧಿಕಾರ ಹಸ್ತಾಂತರವಾಯಿತು. ಆದರೆ ಒಪ್ಪಂದದ ಪ್ರಕಾರ ಡಚ್ ಕಂಪನಿಗಳು ಉಳಿದವು, ಕೆಪಿಎಂ ಕೂಡ. 1952ರಲ್ಲಿ ಸ್ಥಾಪನೆಯಾದ ಸರ್ಕಾರಿ ಹಡಗು ಕಂಪನಿ ಪೆಲ್ನಿ ಅದರ ಮುಂದೆ ಕೂಸು.

ನಿಜವಾದ ಸಿಕ್ಕು ಕೊಬ್ಬರಿಯದು. ನಮ್ಮ ತಿಪಟೂರಿನ ಉಂಡೆ ಕೊಬ್ಬರಿಯಲ್ಲ, ಗಾಣಕ್ಕೆ ಹೋಗುವ ಒಡೆದ ಕೊಬ್ಬರಿ. ಹಸಿ ಕಾಯಿಯ ತಿರುಳಿನಲ್ಲಿ ಅರ್ಧದಷ್ಟು ನೀರು. ಅದನ್ನು ಸುಮಾರು ಶೇ. 6ಕ್ಕೆ ಇಳಿಸಬೇಕು. ಒಂದು ಟನ್‌ಗೆ ಐದಾರು ಸಾವಿರ ಕಾಯಿ ಬೇಕು. ಅರೆಬರೆ ಒಣಗಿದ್ದು ಗೋದಾಮಿನಲ್ಲಿ ಕಾದರೆ ಬೂಷ್ಟು ಹಿಡಿಯುತ್ತದೆ, ರಾಶಿ ಒಳಗೊಳಗೇ ಬಿಸಿಯಾಗುತ್ತದೆ, ಎಣ್ಣೆ ಮುಗ್ಗುತ್ತದೆ. ಹಡಗು ತಡವಾದಷ್ಟೂ ಬೆಳೆಗಾರನಿಗೆ ನಷ್ಟ. ಅದರ ಮೇಲೆ, 1940ರ ಡಚ್ ಕೊಬ್ಬರಿ ನಿಧಿಯ ಉತ್ತರಾಧಿಕಾರಿಯಾದ ಸರ್ಕಾರಿ ಪ್ರತಿಷ್ಠಾನವೇ ಖರೀದಿದಾರ. ಇಂಡೊನೇಷ್ಯಾದ ಹಣವಾದ ರೂಪಾಯದ ಅಧಿಕೃತ ವಿನಿಮಯ ದರ ಮಾರುಕಟ್ಟೆಯ ದರಕ್ಕಿಂತ ಬಹಳ ದೂರ, ಹಾಗಾಗಿ ರಫ್ತಿನ ಡಾಲರಿಗೆ ಕೈಗೆ ಬರುವ ರೂಪಾಯ ಕಡಿಮೆ. ಯಜಮಾನರು ಬದಲಾದರು, ದಾರಿ ಜಾವಾ ಮೂಲಕವೇ ಹೋಯಿತು. ಉತ್ತರ ಸುಲವೇಸಿಯ ಮಿನಾಹಸಾದ ಜನ ಸರಕನ್ನು ನೇರವಾಗಿ ಹೊರದೇಶಕ್ಕೆ ಕಳಿಸಿದರು. ಜಕಾರ್ತಾ ಅದನ್ನು ಕಳ್ಳಸಾಗಣೆ ಎಂದಿತು, ಅವರು ವಿನಿಮಯ ವ್ಯಾಪಾರ ಎಂದರು. 1957ರ ಮಾರ್ಚ್ 2ರಂದು ಮಕಾಸರ್‌ನಲ್ಲಿ ಜಕಾರ್ತಾದ ವಿರುದ್ಧ ಪ್ರಾದೇಶಿಕ ಬಂಡಾಯ ಪೆರ್ಮೆಸ್ತಾ ಘೋಷಣೆಯಾದಾಗ ಈ ಅಸಮಾಧಾನವೂ ಅದರ ಬೆನ್ನಿಗಿತ್ತು.

ಅದೇ ವರ್ಷ ನವೆಂಬರ್‌ನಲ್ಲಿ, ಡಚ್ಚರ ಕೈಯಲ್ಲೇ ಉಳಿದಿದ್ದ ಪಶ್ಚಿಮ ನ್ಯೂಗಿನಿಯ ಪ್ರಶ್ನೆ ವಿಶ್ವಸಂಸ್ಥೆಯಲ್ಲಿ ಬಿದ್ದುಹೋಯಿತು. ಡಿಸೆಂಬರ್ 3ರಂದು ಕಾರ್ಮಿಕರು ಜಕಾರ್ತಾದ ಕೆಪಿಎಂ ಕಚೇರಿಯನ್ನು ವಶಪಡಿಸಿಕೊಂಡರು. ಕಚೇರಿಯೇನೋ ಸಿಕ್ಕಿತು, ಸಮುದ್ರದಲ್ಲಿದ್ದ ಹಡಗುಗಳು ಬಂದರಿಗೆ ಬಾರದೆ ಹೊರಟವು. ಬಂದರಲ್ಲಿ ಹಿಡಿದಿಟ್ಟವನ್ನೂ ಮರುವರ್ಷ ಬಿಡಬೇಕಾಯಿತು. ದ್ವೀಪಗಳ ನಡುವಿನ ಸಾಗಣೆ ಕುಸಿಯಿತು. ಮಾಡಿದ್ದು ಸರಿಯೇ, ಹಡಗು ಎಲ್ಲಿಂದ ತರುವುದೆಂದು ಯೋಚಿಸದೆ ಮಾಡಿದ್ದೇ ತೊಂದರೆ.

ಹತ್ತು ದಿನಗಳ ನಂತರ, ಡಿಸೆಂಬರ್ 13ರಂದು, ಪ್ರಧಾನಿ ಜುವಾಂಡಾ ಹೊರಗಿನ ದ್ವೀಪಗಳ ತುದಿಗಳನ್ನು ಗೆರೆಯಿಂದ ಜೋಡಿಸಿ, ಒಳಗಿನ ನೀರೆಲ್ಲ ನಮ್ಮದು, ಹೊರಗೆ ಇನ್ನೂ 12 ನಾಟಿಕಲ್ ಮೈಲಿ ಎಂದು ಘೋಷಿಸಿದರು. 1939ರ ಡಚ್ ಕಾಯ್ದೆಯಲ್ಲಿ ಪ್ರತಿ ದ್ವೀಪಕ್ಕೂ ಬರೀ 3 ಮೈಲಿ ಇತ್ತು. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಈ ತತ್ವವನ್ನು ಒಪ್ಪಿತು. ಒಳನಾಡಿನ ಸರಕು ಸ್ವದೇಶಿ ಬಾವುಟದ ಹಡಗಿನಲ್ಲೇ ಸಾಗಬೇಕೆಂಬ ನಿಯಮ ಬಿಗಿಯಾದದ್ದು 2005ರ ನಂತರ. 2015ರಿಂದ ಸಹಾಯಧನದ ಹಡಗುಗಳೂ ಓಡುತ್ತಿವೆ. ಜಾವಾದಿಂದ ತುಂಬಿ ಹೋಗುವ ಕಂಟೇನರುಗಳು ಮರಳುವಾಗ ಬಹುಪಾಲು ಖಾಲಿ. ಆ ಖಾಲಿ ಪ್ರಯಾಣದ ಖರ್ಚೂ ಹೋಗುವ ಸಿಮೆಂಟಿನ ಮೇಲೆಯೇ ಬೀಳುತ್ತದೆ.