ಕಣ್ಣು ಬಂದಾಗ ಮೊದಲು ಟವೆಲ್ ಬೇರೆ ಮಾಡಿ

ಮಳೆ ಸುರಿಯುತ್ತಿದ್ದ ಒಂದು ಸಂಜೆ ಒಬ್ಬರು ಕಪ್ಪು ಕನ್ನಡಕ ಹಾಕಿಕೊಂಡು ಕ್ಲಿನಿಕ್‌ಗೆ ಬಂದರು. ಕುರ್ಚಿಯಲ್ಲಿ ಕೂತರೂ ಮುಖ ಮಾತ್ರ ಗೋಡೆಯ ಕಡೆಗೆ. "ನನ್ನ ಕಣ್ಣು ನೋಡ್ಬೇಡಿ ಡಾಕ್ಟ್ರೇ, ನಿಮಗೂ ಬಂದ್ಬಿಡುತ್ತೆ" ಅಂದರು. ಕಣ್ಣೇ ನೋಡಬಾರದು ಅಂದ್ರೆ ಕಣ್ಣಿನ ಡಾಕ್ಟರಿಗೆ ಏನು ಕೆಲಸ, ಅಲ್ವಾ?

ಮದ್ರಾಸ್ ಐ ನೋಡಿದರೆ ಅಂಟುವುದಿಲ್ಲ. ಅಂಟುವುದು ಕೈಯಿಂದ. ಕಣ್ಣು ಬಂದವರು ಕಣ್ಣು ಉಜ್ಜಿದ ಕೈಯಲ್ಲೇ ಚಿಲಕ, ನಲ್ಲಿ, ಮೊಬೈಲ್ ಮುಟ್ಟುತ್ತಾರೆ. ಆಮೇಲೆ ಅಲ್ಲಿ ಕೈಯಿಟ್ಟವರು ತಮ್ಮ ಕಣ್ಣು ಮುಟ್ಟಿಕೊಂಡರೆ ಮುಗಿಯಿತು. ಕನ್ನಡಕದಿಂದ ಬೆಳಕು ಚುಚ್ಚುವುದು ಕಡಿಮೆಯಾಗುತ್ತದೆ, ಅಷ್ಟೇ.

ಹೆಸರಲ್ಲಿ ಮದ್ರಾಸ್ ಇದ್ದರೂ ಇದು ಎಲ್ಲ ಊರಿನ ಕಾಯಿಲೆ. 1971ರಲ್ಲಿ ಬಂಗಾಳದಲ್ಲಿ ಹಬ್ಬಿದಾಗ ಅಲ್ಲಿಯವರು ಬಾಂಗ್ಲಾ ವಿಮೋಚನೆಯ ಘೋಷಣೆಯನ್ನೇ ಹಿಡಿದು 'ಜಯ್ ಬಾಂಗ್ಲಾ' ಅಂತ ಕರೆದರು. ನಮ್ಮಲ್ಲಿ 2023ರ ಮಳೆಗಾಲದಲ್ಲಿ ಶಾಲೆ ಮಕ್ಕಳಿಗೆಲ್ಲ ಬಂದಿದ್ದು ನಿಮಗೂ ನೆನಪಿರಬಹುದು. ಕಾರಣ ಜಾಸ್ತಿ ಸಲ ಅಡಿನೊ ವೈರಸ್, ಕೆಲವು ಸಲ ಎಂಟೆರೊ ವೈರಸ್. ಆಂಟಿಬಯಾಟಿಕ್ ಡ್ರಾಪ್ಸ್ ಬ್ಯಾಕ್ಟೀರಿಯಾಕ್ಕೆ ಕೆಲಸ ಮಾಡುತ್ತದೆ, ವೈರಸ್‌ಗೆ ಇಲ್ಲ.

ನಮ್ಮ ಕನ್ನಡಕದವರು ಜೇಬಿನಿಂದ ಒಂದು ಬಾಟಲಿ ತೆಗೆದರು. ಪಕ್ಕದ ಮನೆಯವರು ಕೊಟ್ಟಿದ್ದಂತೆ. ಅವರ ಮನೆಯಲ್ಲಿ ಇಬ್ಬರು ಆಗಲೇ ಹಾಕಿಕೊಂಡಿದ್ದರಂತೆ. ಲೇಬಲ್ ಓದಿದೆ: ಸಿಪ್ರೊಫ್ಲಾಕ್ಸಸಿನ್ ಜೊತೆ ಡೆಕ್ಸಾಮೆಥಸೋನ್. ಈ ಎರಡನೆಯದು ಸ್ಟೆರಾಯ್ಡ್. ಹಾಕಿದ ಮರುದಿನ ಕೆಂಪು ಇಳಿಯುತ್ತದೆ, ಜನ ಖುಷಿಯಾಗುತ್ತಾರೆ. ಆದರೆ ವೈರಸ್ ಕಣ್ಣಲ್ಲಿ ಇನ್ನೂ ಜಾಸ್ತಿ ದಿನ ಉಳಿಯಬಹುದು. ಆ ಕೆಂಪಿಗೆ ಹರ್ಪಿಸ್ ಅನ್ನುವ ಇನ್ನೊಂದು ವೈರಸ್ ಕಾರಣವಾಗಿದ್ದರೆ ಕರಿಗುಡ್ಡೆಯ ಮೇಲಿನ ಹುಣ್ಣು ಹಬ್ಬಿ, ದೃಷ್ಟಿಗೇ ಕುತ್ತು. ತಿಂಗಳುಗಟ್ಟಲೆ ಹಾಕಿಕೊಂಡು ಕಣ್ಣಿನೊಳಗಿನ ಒತ್ತಡ ಏರಿಸಿಕೊಂಡವರನ್ನೂ ನೋಡಿದ್ದೇನೆ. ಸ್ಟೆರಾಯ್ಡ್ ಬೇಕಾಗುವ ಕಣ್ಣುಗಳೂ ಇವೆ. ಅದನ್ನು ಕಣ್ಣು ಪರೀಕ್ಷೆ ಮಾಡಿದವರು ಹೇಳಬೇಕು, ಪಕ್ಕದ ಮನೆಯವರಲ್ಲ.

ಮನೆಯಲ್ಲಿ ಮಾಡುವುದು ತೀರಾ ಸರಳ. ಕಾಯಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ, ಮೂಗಿನ ಕಡೆಯಿಂದ ಹೊರಕ್ಕೆ ಒಂದೇ ಸಲ ಒರೆಸಿ ಎಸೆಯಿರಿ. ಇನ್ನೊಂದು ಕಣ್ಣಿಗೆ ಬೇರೆ ಹತ್ತಿ. ಉರಿ ಇದ್ದರೆ ಮುಚ್ಚಿದ ಕಣ್ಣಿನ ಮೇಲೆ ತಣ್ಣೀರ ಬಟ್ಟೆ ಐದು ನಿಮಿಷ. ಕಣ್ಣೀರಿನ ಥರದ ಲೂಬ್ರಿಕೆಂಟ್ ಡ್ರಾಪ್ಸ್ ಹಾಕಬಹುದು. ಒಂದು ತೊಟ್ಟು ಸಾಕು, ಎರಡನೆಯದು ಹೇಗೂ ಕೆನ್ನೆಗೆ ಇಳಿಯುತ್ತದೆ. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ಟವೆಲ್, ದಿಂಬಿನ ಹೊದಿಕೆ ಬೇರೆ ಇರಲಿ. ಕಾಡಿಗೆ ಡಬ್ಬಿ ಕಸಕ್ಕೆ ಹಾಕಿ. ನಂದಿಬಟ್ಟಲು ರಸ, ಎದೆಹಾಲು, ಜೇನು ಏನೂ ಕಣ್ಣೊಳಗೆ ಬೇಡ. ನಮ್ಮಜ್ಜಿಯೂ ನಂದಿಬಟ್ಟಲು ಇಡುತ್ತಿದ್ದರು, ಬೈಯುತ್ತಿಲ್ಲ.

ಮೊದಲ ನಾಲ್ಕೈದು ದಿನ ಜಾಸ್ತಿಯಾಗಿ, ಇನ್ನೊಂದು ಕಣ್ಣಿಗೂ ಬರುವುದು ಮಾಮೂಲು. ಔಷಧಿ ಹತ್ತುತ್ತಿಲ್ಲ ಅಂತ ಜನ ಸುಮ್ಮನೆ ಡ್ರಾಪ್ಸ್ ಬದಲಾಯಿಸುವುದು ಆಗಲೇ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ. ನೀರಿನ ಬದಲು ಹಳದಿ ಗೀಜು ದಿನವಿಡೀ ಬರುತ್ತಿದ್ದರೆ ಬ್ಯಾಕ್ಟೀರಿಯಾ ಇರಬಹುದು, ಆಗ ತೋರಿಸಿ. ಒಳಗೆ ನೋವು, ಮಬ್ಬು, ಬೆಳಕು ನೋಡಲಾಗದಿರುವುದು ಇದ್ದರೆ, ಅಥವಾ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಾಗಿದ್ದರೆ ಅವತ್ತೇ ಬನ್ನಿ. ತಿಂಗಳು ತುಂಬದ ಕೂಸಿನ ಕಣ್ಣು ಕೆಂಪಾದರೆ ಒಂದು ಗಂಟೆಯನ್ನೂ ಕಾಯಬೇಡಿ.

ಅವತ್ತು ಬಂದವರಿಗೆ ಬಾಟಲಿ ಬಿಡಿಸಿ, ಮುಖ ತಿರುಗಿಸಿ ಕೂರಿಸಿ ಕಣ್ಣು ನೋಡಿದೆ. ಕರಿಗುಡ್ಡೆ ಚೆನ್ನಾಗಿತ್ತು. ಹೊರಡುವಾಗ, "ನಾಳೆ ಅಂಗಡಿ ತೆಗೀಬಹುದಾ ಡಾಕ್ಟ್ರೇ?" ಅಂತ ಕೇಳಿದರು. ಯಾವ ಅಂಗಡಿ ಅಂದೆ. ಕಟಿಂಗ್ ಶಾಪ್.

"ಗಿರಾಕಿಗಳ ಮುಖ ಒರೆಸೋಕೆ ಟವೆಲ್ ಎಷ್ಟಿದೆ?"

"ಎರಡು. ಒಂದು ಒಗೆಯೋಕೆ ಹಾಕಿದೀನಿ."