ನರ್ಸ್ ಅನಸ್ತೇಟಿಸ್ಟ್: ಹೆಸರಿನೊಳಗಿನ ಪರವಾನಗಿ, ಹೆಸರಿನ ಹೊರಗಿನ ಪರವಾನಗಿ

ಶಸ್ತ್ರಚಿಕಿತ್ಸೆಯ ವೇಳೆ ರೋಗಿಗೆ ಅರಿವಳಿಕೆ ಕೊಟ್ಟು, ಎಚ್ಚರವಾಗುವವರೆಗೂ ಅವರ ಉಸಿರಾಟ, ರಕ್ತದೊತ್ತಡಗಳನ್ನು ಕಾಯುವ ಹೊಣೆ ನಮ್ಮಲ್ಲಿ ಅರಿವಳಿಕೆ ತಜ್ಞವೈದ್ಯರದು. ಅಮೆರಿಕದಲ್ಲಿ ಈ ಹೊಣೆಯನ್ನು ವಿಶೇಷ ತರಬೇತಿ ಪಡೆದ ನರ್ಸ್‌ಗಳೂ ಹೊರುತ್ತಾರೆ. ‘ಸರ್ಟಿಫೈಡ್ ರಿಜಿಸ್ಟರ್ಡ್ ನರ್ಸ್ ಅನಸ್ತೇಟಿಸ್ಟ್’, ಅಂದರೆ ಸಿಆರ್‌ಎನ್‌ಎ, ಎಂಬ ಅವರ ಪದನಾಮ 1956ರಿಂದ ಬಳಕೆಯಲ್ಲಿದೆ.

ಈ ಪದನಾಮವನ್ನು ಬಿಡಿಸಿ ಓದಬೇಕು. ‘ರಿಜಿಸ್ಟರ್ಡ್ ನರ್ಸ್’ ಎಂಬುದು ಎನ್‌ಕ್ಲೆಕ್ಸ್ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ರಾಜ್ಯದ ನರ್ಸಿಂಗ್ ಮಂಡಳಿ ಕೊಡುವ ಮೊದಲ ಪರವಾನಗಿ. ಅದನ್ನು ಪಡೆದು, ತೀವ್ರ ನಿಗಾ ಘಟಕದಲ್ಲಿ ಕನಿಷ್ಠ ಒಂದು ವರ್ಷ ಪೂರ್ಣಾವಧಿ ದುಡಿದವರು ಮಾನ್ಯತೆ ಪಡೆದ ಅರಿವಳಿಕೆ ಶಿಕ್ಷಣಕ್ಕೆ ಸೇರಬಹುದು. 2022ರಿಂದ ಹೊಸದಾಗಿ ಸೇರುವವರೆಲ್ಲರೂ ಡಾಕ್ಟರೇಟ್ ಮಟ್ಟದ ವ್ಯಾಸಂಗವನ್ನೇ ಮಾಡಬೇಕು. ಕೊನೆಗೆ ಬರೆಯುವ ರಾಷ್ಟ್ರೀಯ ಪರೀಕ್ಷೆ ‘ಸರ್ಟಿಫೈಡ್’ ಎಂಬ ಮಾತನ್ನು ಗಳಿಸಿಕೊಡುತ್ತದೆ.

ಇಷ್ಟಾದರೂ ಕೆಲಸಕ್ಕೆ ಅನುಮತಿ ಸಿಕ್ಕಂತಲ್ಲ. ಪ್ರಮಾಣಪತ್ರ ಸಾಮರ್ಥ್ಯಕ್ಕೆ ಸಾಕ್ಷಿ. ಅನುಮತಿ ಕೊಡುವುದು ರಾಜ್ಯ. ಹೆಚ್ಚಿನ ರಾಜ್ಯಗಳಲ್ಲಿ ‘ಉನ್ನತ ವೃತ್ತಿ ನರ್ಸ್’ ಎಂಬ ಎರಡನೆಯ ಪರವಾನಗಿಯನ್ನು ಬೇರೆಯಾಗಿ ಪಡೆಯಬೇಕು, ಮತ್ತು ಪದನಾಮದಲ್ಲಿ ಇದರ ಸುಳಿವೇ ಇಲ್ಲದಿರುವುದರಿಂದ ಹೊರಗಿನವರಿಗೆ ಗೊಂದಲವಾಗುವುದು ಸಹಜ. ಮೊದಲ ಪರವಾನಗಿ ರಾಜ್ಯಗಳ ನಡುವಿನ ಒಪ್ಪಂದದಿಂದಾಗಿ ಅನೇಕ ರಾಜ್ಯಗಳಲ್ಲಿ ಸಲ್ಲುತ್ತದೆ; ಎರಡನೆಯದಕ್ಕೆ ಆ ಒಪ್ಪಂದ ಅನ್ವಯಿಸುವುದಿಲ್ಲ.

ವೈದ್ಯರ ಮೇಲ್ವಿಚಾರಣೆ ಬೇಕೇ ಎಂಬುದರಲ್ಲಿಯೂ ರಾಜ್ಯಗಳು ಒಂದೇ ದಾರಿ ಹಿಡಿದಿಲ್ಲ. ಮುಖ್ಯವಾಗಿ ಹಿರಿಯರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ನ ಮೇಲ್ವಿಚಾರಣಾ ನಿಯಮದಿಂದ ಹೊರಗುಳಿಯುವ ಅವಕಾಶವನ್ನು ಒಕ್ಕೂಟ ಸರ್ಕಾರ 2001ರಲ್ಲಿ ರಾಜ್ಯಪಾಲರಿಗೆ ನೀಡಿದಾಗ, ಅದನ್ನು ಮೊದಲು ಬಳಸಿಕೊಂಡದ್ದು ಅಯೋವಾ. ನನಗೆ ಹೆಚ್ಚು ಅಚ್ಚರಿ ತರುವುದು ಪೆನ್ಸಿಲ್ವೇನಿಯಾ: ಈ ವೃತ್ತಿಯ ಮೊದಲಿಗರೆಂದು ನೆನೆಯಲಾಗುವ ಸಿಸ್ಟರ್ ಮೇರಿ ಬರ್ನಾರ್ಡ್ ಅವರು 1877ರಲ್ಲಿ ಅರಿವಳಿಕೆ ಕೊಡತೊಡಗಿದ್ದು ಅಲ್ಲಿನ ಈರಿ ನಗರದಲ್ಲಿ, ಆದರೆ ಆ ರಾಜ್ಯದ ಕಾನೂನು ಸಿಆರ್‌ಎನ್‌ಎ ಪದನಾಮವನ್ನು ಗುರುತಿಸಿದ್ದು 2021ರಲ್ಲಿ.

ಕರ್ನಾಟಕದ ವಿದ್ಯಾರ್ಥಿಗಳು ಒಂದನ್ನು ಮುಖ್ಯವಾಗಿ ಗಮನಿಸಬೇಕು. ಬಿ.ಎಸ್ಸಿ. ಅನಸ್ತೇಷಿಯಾ ಟೆಕ್ನಾಲಜಿ ಪದವಿ ಹೆಸರಿನಲ್ಲಿ ಎಷ್ಟೇ ಹತ್ತಿರವಿದ್ದರೂ ಈ ದಾರಿಯನ್ನು ತೆರೆಯುವುದಿಲ್ಲ, ಏಕೆಂದರೆ ಅದು ನರ್ಸಿಂಗ್ ಪದವಿಯಲ್ಲ. ಬಿ.ಎಸ್ಸಿ. ನರ್ಸಿಂಗ್ ಮುಗಿಸಿದವರು ಕೂಡ ಅಮೆರಿಕದ ಯಾವುದಾದರೊಂದು ರಾಜ್ಯದಿಂದ ಮೊದಲ ಪರವಾನಗಿ ಪಡೆದ ನಂತರವೇ ಅರಿವಳಿಕೆ ಶಿಕ್ಷಣದ ಹಂತಕ್ಕೆ ಬರುತ್ತಾರೆ.